ಮೊದಲ ವರ್ಷ ಅಗ್ಗ, ಎರಡನೇ ವರ್ಷ ತುಟ್ಟಿ: ಡೊಮೈನ್ ಕಂಪನಿಗಳ ಲೆಕ್ಕಾಚಾರ

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಅದಕ್ಕೊಂದು ಡಾಟ್ ಕಾಮ್ ಹೆಸರು ತೆಗೆದುಕೊಂಡಾಗ ಮೊದಲ ವರ್ಷಕ್ಕೆ ಇನ್ನೂರು ರೂಪಾಯಿಯೂ ಆಗಿರಲಿಲ್ಲ. ಈಗ ನವೀಕರಣಕ್ಕೆ ಸಾವಿರದ ಮೇಲೆ ಕೇಳುತ್ತಿದ್ದಾರೆ. ಇದು ಮೋಸವಲ್ಲವೇ?
— ಗೃಹೋದ್ಯಮಿ, ಶಿರಸಿ

ಉತ್ತರ: ಮೋಸ ಅನ್ನಲಾರೆ. ಆದರೆ ನಿಮಗೆ ಅಗ್ಗವಾಗಿ ಕೊಟ್ಟದ್ದು ಔದಾರ್ಯದಿಂದಲೂ ಅಲ್ಲ.

ನಿಮಗೆ ಹೆಸರು ಮಾರಿದ ಕಂಪನಿ ರಿಜಿಸ್ಟ್ರಾರ್, ಅಂದರೆ ಚಿಲ್ಲರೆ ವ್ಯಾಪಾರಿ. ಜಗತ್ತಿನ ಎಲ್ಲ ಡಾಟ್ ಕಾಮ್ ಹೆಸರುಗಳ ದಾಖಲೆ ಇಟ್ಟುಕೊಂಡಿರುವುದು ಅಮೆರಿಕದ ವೆರಿಸೈನ್ ಎಂಬ ಒಂದೇ ಸಂಸ್ಥೆ. ಯಾವ ರಿಜಿಸ್ಟ್ರಾರ್ ಮಾರಿದರೂ ಪ್ರತಿ ಹೆಸರಿಗೆ, ಪ್ರತಿ ವರ್ಷಕ್ಕೆ ಅದಕ್ಕೆ ಸಗಟು ದರ ಕಟ್ಟಲೇಬೇಕು. 2024ರ ಸೆಪ್ಟೆಂಬರ್ 1ರಿಂದ ಆ ದರ 10.26 ಡಾಲರ್. ಹೆಸರು ವ್ಯವಸ್ಥೆಯ ಉಸ್ತುವಾರಿ ನೋಡುವ ಐಕ್ಯಾನ್‌ಗೆ ಇನ್ನು ಕೆಲವು ಸೆಂಟ್. ರೂಪಾಯಿಗೆ ತಿರುಗಿಸಿದರೆ ಒಂಬೈನೂರರ ಆಸುಪಾಸು. ಮೇಲೆ ಶೇ 18ರ ಜಿಎಸ್‌ಟಿ. ಅಂದಮೇಲೆ ನಿಮ್ಮ ಮೊದಲ ವರ್ಷದ ವ್ಯಾಪಾರದಲ್ಲಿ ಆ ಕಂಪನಿ ಏಳುನೂರು ರೂಪಾಯಿಯಷ್ಟು ಕೈಯಿಂದಲೇ ಹಾಕಿದೆ.

ಏಕೆ ಹಾಕಿತು? ನೀವು ಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆಯಿಂದ. ಡಬ್ಬಿಯ ಲೇಬಲ್ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚಾದ ಹೆಸರನ್ನು ಯಾರೂ ಸುಲಭಕ್ಕೆ ಕೈಬಿಡುವುದಿಲ್ಲ. ಈ ವ್ಯಾಪಾರದ ದೊಡ್ಡಣ್ಣ ಗೋಡ್ಯಾಡಿ ಷೇರುಪೇಟೆಗೆ ಬರುವಾಗ ಹೇಳಿಕೊಂಡಂತೆ ವರ್ಷಕ್ಕೆ ಶೇ 85ರಷ್ಟು ಗ್ರಾಹಕರು ಅಲ್ಲೇ ಉಳಿಯುತ್ತಿದ್ದರು. ಲಾಭ ಹುಟ್ಟುವುದು ನವೀಕರಣದಲ್ಲಿ, ಅದಕ್ಕಿಂತ ಹೆಚ್ಚಾಗಿ ಹೆಸರಿನ ಜೊತೆ ನಿಮ್ಮ ಬುಟ್ಟಿಗೆ ಸೇರಿಸುವ ಹೋಸ್ಟಿಂಗ್, ಇಮೇಲ್, ಭದ್ರತಾ ಸರ್ಟಿಫಿಕೇಟುಗಳಲ್ಲಿ.

ನಿಮ್ಮ ಸಿಟ್ಟು ಕೊಂಚ ಮೇಲಿನ ಮನೆಗೂ ಹೋಗಲಿ. 2012ರಿಂದ 2021ರವರೆಗೆ ಡಾಟ್ ಕಾಮ್ ಸಗಟು ದರ 7.85 ಡಾಲರಿನಲ್ಲಿ ನಿಂತಿತ್ತು. ಬಳಿಕ 8.39, 8.97, 9.59, 2024ರಲ್ಲಿ 10.26. ರಿಜಿಸ್ಟ್ರಾರ್‌ಗಳ ನಡುವೆ ಪೈಪೋಟಿ ಇದೆ. ವೆರಿಸೈನ್‌ಗೆ ಎದುರಾಳಿಯೇ ಇಲ್ಲ. ಅದರ ಕಾರ್ಯಾಚರಣೆ ಲಾಭ ಆದಾಯದ ಮೂರನೇ ಎರಡು ಭಾಗದ ಹತ್ತಿರ. ಇಷ್ಟು ಲಾಭಾಂಶ ಇರುವ ವ್ಯಾಪಾರ ಲೋಕದಲ್ಲಿ ಎಷ್ಟಿವೆಯೋ!

ಪ್ರಶ್ನೆ: ಗೋಡ್ಯಾಡಿಯ ಹಳೆಯ ಲೆಕ್ಕಪತ್ರ ನೋಡಿದೆ. ಆದಾಯ ವರ್ಷದಿಂದ ವರ್ಷಕ್ಕೆ ಏರುತ್ತದೆ, ಆದರೂ ನಷ್ಟ. ನಷ್ಟದ ಕಂಪನಿಯ ಕೈಯಲ್ಲಿ ನಗದು ಮಾತ್ರ ಧಾರಾಳ! ಇದು ಹೇಗೆ?
— ಬಿ.ಕಾಂ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ಕಣ್ಣು. ಅಂಕಿಗಳು ಹೀಗಿವೆ: 2012ರಲ್ಲಿ ಆದಾಯ 91 ಕೋಟಿ ಡಾಲರ್, 2013ರಲ್ಲಿ 113 ಕೋಟಿ, 2014ರಲ್ಲಿ ಸುಮಾರು 139 ಕೋಟಿ. ನಿವ್ವಳ ನಷ್ಟ ಕ್ರಮವಾಗಿ ಸುಮಾರು 28 ಕೋಟಿ, 20 ಕೋಟಿ, 14 ಕೋಟಿ.

ಪತ್ರಿಕೆಗೆ ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ದುಡ್ಡು ಇಂದೇ ಗಲ್ಲಾಪೆಟ್ಟಿಗೆಗೆ ಬರುತ್ತದೆ, ಆದರೆ ಸಂಚಿಕೆ ಕಳಿಸುವ ಹೊಣೆ ಬಾಕಿ ಇರುತ್ತದೆ. ಡೊಮೈನ್ ಲೆಕ್ಕವೂ ಹೀಗೆ. ಹಣ ಮೊದಲೇ ಬಂದರೂ ಅವಧಿ ಕಳೆದಂತೆ ಕಳೆದಂತೆ ಮಾತ್ರ ಅದನ್ನು ಆದಾಯ ಎಂದು ಬರೆಯಬೇಕು. ಉಳಿದದ್ದು ಮುಂಗಡವಾಗಿ ಹೊಣೆಗಾರಿಕೆಯ ಬದಿಯಲ್ಲಿ ಕೂರುತ್ತದೆ. 2013ರಲ್ಲಿ ಗ್ರಾಹಕರು ಮಾಡಿದ ಬುಕಿಂಗ್ ಸುಮಾರು 140 ಕೋಟಿ ಡಾಲರ್, ಆದಾಯ 113 ಕೋಟಿ. ನಡುವಿನ ವ್ಯತ್ಯಾಸದಲ್ಲಿ ಸ್ವಲ್ಪ ರಿಫಂಡ್ ಆಗಿ ಹೋದದ್ದು, ಹೆಚ್ಚಿನದು ಮುಂದಿನ ವರ್ಷಗಳಿಗೆ ಸರಿದದ್ದು.

ಈಗ ಖರ್ಚಿನ ಬದಿ. ವೆರಿಸೈನ್‌ನಂಥ ಸಗಟು ಸಂಸ್ಥೆಗೆ ಕಟ್ಟಿದ ಶುಲ್ಕವನ್ನೂ ಅವಧಿಗೆ ಹಂಚಿಯೇ ಬರೆಯುತ್ತಾರೆ, ಅದು ಸರಿಹೋಗುತ್ತದೆ. ಆದರೆ ಜಾಹೀರಾತು, ಗ್ರಾಹಕ ಸೇವೆಯ ಸಂಬಳ ಎಲ್ಲವೂ ಆ ವರ್ಷದ ತಲೆಗೇ. 2005ರಿಂದ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ಜಾಹೀರಾತು ಕೊಡುತ್ತಿದ್ದ ಕಂಪನಿ ಇದು (ಆ ಜಾಹೀರಾತುಗಳ ಅಭಿರುಚಿ ಬಗ್ಗೆ ಹೇಳದಿರುವುದೇ ವಾಸಿ). ಹೀಗಾಗಿ ಹೊಸ ಗ್ರಾಹಕರು ಹೆಚ್ಚು ಬಂದ ವರ್ಷ ಪುಸ್ತಕದಲ್ಲಿ ನಷ್ಟ ಹೆಚ್ಚು, ಪೆಟ್ಟಿಗೆಯಲ್ಲಿ ನಗದೂ ಹೆಚ್ಚು.

ಗೋಡ್ಯಾಡಿಯ ವಿಷಯದಲ್ಲಿ ಮತ್ತೊಂದು ಗಂಟಿತ್ತು. ಬಾಬ್ ಪಾರ್ಸನ್ಸ್ 1997ರಲ್ಲಿ ಕಟ್ಟಿದ ಈ ಕಂಪನಿಯನ್ನು 2011ರಲ್ಲಿ ಕೆಕೆಆರ್, ಸಿಲ್ವರ್ ಲೇಕ್, ಟಿಸಿವಿ ಎಂಬ ಹೂಡಿಕೆ ಸಂಸ್ಥೆಗಳು ಸುಮಾರು 225 ಕೋಟಿ ಡಾಲರಿಗೆ ಕೊಂಡವು. ಅಂಥ ಖರೀದಿಯಾದಾಗ ಹಳೆಯ ಮುಂಗಡದ ಮೌಲ್ಯವನ್ನು ಲೆಕ್ಕದ ನಿಯಮದಂತೆ ಕೆಳಗಿಳಿಸಬೇಕಿತ್ತು. ಅಷ್ಟು ಹಣ ಬಂದಿದ್ದೂ ಆದಾಯದ ಸಾಲಿಗೆ ಎಂದೂ ಸೇರಲಿಲ್ಲ. ಜೊತೆಗೆ ಸಾಲದ ಬಡ್ಡಿ, ಬ್ರ್ಯಾಂಡು ಮತ್ತು ಗ್ರಾಹಕ ಪಟ್ಟಿಯಂಥ ಅಮೂರ್ತ ಆಸ್ತಿಗಳ ಸವಕಳಿ. ಆ ವರ್ಷಗಳ ನಷ್ಟದ ದೊಡ್ಡ ಪಾಲು ವ್ಯಾಪಾರದ್ದಲ್ಲ, ಖರೀದಿಯದ್ದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಗದು ಹರಿವಿನ ಪಟ್ಟಿಯಿಂದಲೇ ಉತ್ತರ ಶುರುಮಾಡಿ.

ಪ್ರಶ್ನೆ: ಗೋಡ್ಯಾಡಿಯ ಆದಾಯ ಈಗ ವರ್ಷಕ್ಕೆ ಶೇ 7ರಷ್ಟೇ ಬೆಳೆಯುತ್ತಿದ್ದರೂ ಲಾಭ ಜೋರಾಗಿದೆಯಲ್ಲ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 2024ರಲ್ಲಿ ಗೋಡ್ಯಾಡಿಯ ಆದಾಯ 457 ಕೋಟಿ ಡಾಲರ್. ಅದರಲ್ಲಿ ಡೊಮೈನ್, ಹೋಸ್ಟಿಂಗ್ ಸೇರಿದ ಹಳೆಯ ವಿಭಾಗದ್ದು ಸುಮಾರು 292 ಕೋಟಿ, ಬೆಳವಣಿಗೆ ಶೇ 3ರ ಆಸುಪಾಸು. ವೆಬ್‌ಸೈಟ್ ಕಟ್ಟುವ ಸಾಧನ, ಇಮೇಲ್, ಪಾವತಿ ಸೇವೆಯ ವಿಭಾಗದ್ದು ಸುಮಾರು 165 ಕೋಟಿ, ಬೆಳವಣಿಗೆ ಶೇ 16ರಷ್ಟು. ಎರಡನೆಯದರಲ್ಲಿ ಸಗಟು ದರದ ಕಾಟ ಕಡಿಮೆ, ಲಾಭಾಂಶ ಹೆಚ್ಚು. ಒಟ್ಟಾರೆ ನೇರ ವೆಚ್ಚ ಮಾತ್ರ ಹತ್ತು ವರ್ಷದಿಂದ ಆದಾಯದ ಮೂರನೇ ಒಂದು ಭಾಗಕ್ಕಿಂತ ತುಸು ಮೇಲೆಯೇ ಉಳಿದಿದೆ. ಆದ್ದರಿಂದ ಉಳಿತಾಯ ಹುಡುಕಿದ್ದು ಬೇರೆ ಕಡೆ, ಸಂಬಳದ ಪಟ್ಟಿಯಲ್ಲೂ ಕೂಡ: 2023ರ ಫೆಬ್ರುವರಿಯಲ್ಲಿ ಶೇ 8ರಷ್ಟು ಸಿಬ್ಬಂದಿಯನ್ನು ತೆಗೆದರು.

ಒಂದು ಎಚ್ಚರ. 2023ರ ನಿವ್ವಳ ಲಾಭ 137 ಕೋಟಿ ಡಾಲರ್ ಎಂಬುದನ್ನು ನೋಡಿ ಮರುಳಾಗಬೇಡಿ. ಅದರಲ್ಲಿ ಸುಮಾರು 100 ಕೋಟಿ ತೆರಿಗೆ ಲೆಕ್ಕದ ಒಂದೇ ಸಲದ ಹೊಂದಾಣಿಕೆ. 2020ರ ನಷ್ಟವೂ ಹಾಗೆಯೇ ಒಮ್ಮೆಯ ಪಾವತಿಯಿಂದ ಉಬ್ಬಿದ್ದು.

ಪ್ರಶ್ನೆ: ಹತ್ತು ವರ್ಷದ ದುಡ್ಡು ಒಟ್ಟಿಗೆ ಕಟ್ಟಿಬಿಡಲೇ?
— ಪುಸ್ತಕ ವ್ಯಾಪಾರಿ, ಮೈಸೂರು

ಉತ್ತರ: ಕಟ್ಟಬಹುದು, ಹತ್ತೇ ಗರಿಷ್ಠ. ಡಾಟ್ ಕಾಮ್ ನಡೆಸುವ ಆರು ವರ್ಷದ ಒಪ್ಪಂದದಲ್ಲಿ ಮೊದಲೆರಡು ವರ್ಷ ವೆರಿಸೈನ್ ದರ ಏರಿಸುವಂತಿಲ್ಲ, ಉಳಿದ ನಾಲ್ಕರಲ್ಲಿ ವರ್ಷಕ್ಕೆ ಶೇ 7ರವರೆಗೆ ಏರಿಸಬಹುದು. ಏರಿಸುವುದಾದರೆ ಆರು ತಿಂಗಳು ಮುಂಚೆ ತಿಳಿಸಬೇಕು. ಆ ಸುದ್ದಿ ಬಂದಾಗ ಹಳೆಯ ದರಕ್ಕೇ ಕೆಲವು ವರ್ಷ ಮುಂದಕ್ಕೆ ನವೀಕರಿಸಿಕೊಂಡರೆ ಸಾಕು. ಹೋಸ್ಟಿಂಗ್‌ಗೆ ಮಾತ್ರ ಒಂದು ವರ್ಷಕ್ಕಿಂತ ಹೆಚ್ಚು ಮುಂಗಡ ಕೊಡಬೇಡಿ. ಅಲ್ಲಿ ಪೈಪೋಟಿ ಇದೆ, ಬೇಡವೆನಿಸಿದರೆ ಬೇರೆಡೆ ಹೋಗಬಹುದು. ಯಾರ ಬಳಿ ಕೊಂಡರೂ ಮೊದಲ ವರ್ಷದ ದರ ನೋಡದೆ ನವೀಕರಣದ ದರ ಕೇಳಿ, ಹೆಸರನ್ನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ ಬಿಡದೆ ನಿಮ್ಮದೇ ಇಮೇಲ್‌ನಲ್ಲಿ ನೋಂದಾಯಿಸಿ.