ಕೂಲೆಂಟ್ ಬದಲಿಸಲು ಕಿಲೋಮೀಟರ್ ಅಲ್ಲ, ವರ್ಷ ನೋಡಿ

ಸಂಜೆಯ ಹೊತ್ತು ಮೇಖ್ರಿ ಸರ್ಕಲ್‌ನಿಂದ ಹೊರಟು ಹೆಬ್ಬಾಳ ದಾಟಿ ಯಲಹಂಕ ಸೇರುವ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮೀಟರ್‌ನಲ್ಲಿ ಏರುವುದು ಹನ್ನೊಂದೋ ಹನ್ನೆರಡೋ ಕಿಲೋಮೀಟರ್, ಎಂಜಿನ್ ಮಾತ್ರ ಒಂದು ಗಂಟೆ ಕಾದಿರುತ್ತದೆ. ಗೊರಗುಂಟೆಪಾಳ್ಯದ ಕಡೆಯಿಂದ ಯಶವಂತಪುರಕ್ಕೆ ಬರುವವರ ಕಥೆಯೂ ಅಷ್ಟೇ. ಹೀಗಿರುವಾಗ 40,000 ಕಿ.ಮೀ. ಆಗಲಿ ಎಂದು ಕಾಯುತ್ತಾ ಕೂತರೆ, ಕಚೇರಿಗಷ್ಟೇ ಓಡುವ ಕಾರಿನ ಕೂಲೆಂಟ್‌ಗೆ ಐದಾರು ವರ್ಷ ತುಂಬಿರುತ್ತದೆ.

ಕೂಲೆಂಟ್ ಎಂದರೆ ಎಥಿಲೀನ್ ಗ್ಲೈಕಾಲ್, ಶುದ್ಧ ನೀರು ಮತ್ತು ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕಗಳ ಮಿಶ್ರಣ. ಮೊದಲು ಸವೆಯುವುದು ಈ ತುಕ್ಕುನಿರೋಧಕಗಳೇ. ನೋಡಲು ಬಣ್ಣ ಚೆನ್ನಾಗಿಯೇ ಇರಬಹುದು, ಆದರೆ ಒಳಗೆ ಅಲ್ಯೂಮಿನಿಯಂ ರೇಡಿಯೇಟರ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್‌ಗಳಿಗೆ ಕಾವಲು ಇರುವುದಿಲ್ಲ. ‘ನಮ್ಮೂರಲ್ಲಿ ಹಿಮ ಬೀಳುವುದಿಲ್ಲವಲ್ಲ, ನೀರೇ ಸಾಕು’ ಎನ್ನುವವರಿಗೆ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಇನ್ನೂ ಬೇಗ, 95ರ ಹತ್ತಿರ. ಎಂಜಿನ್ ಮಾಮೂಲಿಯಾಗಿ ಕೆಲಸ ಮಾಡುವುದೇ 90 ಡಿಗ್ರಿಯ ಅಕ್ಕಪಕ್ಕ. ರೇಡಿಯೇಟರ್ ಮುಚ್ಚಳದ ರಬ್ಬರ್ ಸಡಿಲವಾಗಿ ಒತ್ತಡ ಸೋರುತ್ತಿದ್ದು, ಒಳಗೆ ಬರೀ ನೀರಿದ್ದರೆ, ಬೆಟ್ಟದ ತಿರುವುಗಳಲ್ಲಿ ಬಾನೆಟ್‌ನಿಂದ ಹಬೆ ಏಳುವುದು ಅಚ್ಚರಿಯಲ್ಲ.

ಹಾಗಾದರೆ ಎಷ್ಟು ವರ್ಷಕ್ಕೊಮ್ಮೆ? ಹಳೆಯ ಬಗೆಯ, ಸಾಮಾನ್ಯವಾಗಿ ಹಸಿರು ಬಣ್ಣದ ಕೂಲೆಂಟ್ ಆದರೆ ಎರಡು ವರ್ಷ ಅಥವಾ 40,000 ಕಿ.ಮೀ., ಯಾವುದು ಮೊದಲೋ ಅದು. ಆರ್ಗ್ಯಾನಿಕ್ ಆ್ಯಸಿಡ್ ತಂತ್ರಜ್ಞಾನದ ‘ಲಾಂಗ್ ಲೈಫ್’ ಬಗೆಗೆ ಸಾಮಾನ್ಯವಾಗಿ ಐದು ವರ್ಷ. ಟೊಯೊಟಾದ ಗುಲಾಬಿ ಬಣ್ಣದ ಸೂಪರ್ ಲಾಂಗ್ ಲೈಫ್ ಕೂಲೆಂಟ್‌ಗೆ ಮೊದಲ ಸಲ 1,60,000 ಕಿ.ಮೀ., ಆಮೇಲೆ ಪ್ರತಿ 80,000 ಕಿ.ಮೀ. ಎಂಬ ಲೆಕ್ಕವಿದೆ. ನಿಮ್ಮ ಕಾರಿನದು ಯಾವುದು ಎಂಬುದು ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಮಲಗಿರುವ ಮ್ಯಾನ್ಯುಯಲ್‌ನಲ್ಲಿದೆ. ಅಂಗಡಿಯವರ ಮಾತಿಗಿಂತ ಅದನ್ನು ನಂಬಿ. ಬಣ್ಣ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಎರಡು ಬಗೆ ಬೆರೆತರೆ ನಿರೋಧಕಗಳ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಗಸಿ ಕಟ್ಟಿ ರೇಡಿಯೇಟರ್‌ನ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಳೆಯ ಮಾಲೀಕರು ಏನು ಸುರಿದಿದ್ದರೋ ಎಂದು ತಲೆ ಕೆಡಿಸಿಕೊಳ್ಳುವ ಬದಲು ಒಮ್ಮೆ ಪೂರ್ತಿ ಇಳಿಸಿ ಹೊಸದು ತುಂಬಿಸಿ, ತಾರೀಖು ಬರೆದಿಡಿ.

ಈ ಭಾಗದಲ್ಲಿ ಅವಧಿಯನ್ನು ಇನ್ನಷ್ಟು ಕಡಿಮೆ ಮಾಡುವುದು ನೀರು. ಯಲಹಂಕದ ಆಚೆಯ ಬಡಾವಣೆಗಳಲ್ಲಿ ಬಹುಕಾಲ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿಯಾಗಿತ್ತು, ಅನೇಕ ಕಡೆ ಇವತ್ತಿಗೂ ಅದೇ. ಗೀಸರ್ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಆ ನೀರು ರೇಡಿಯೇಟರ್ ಒಳಗೂ ಅದನ್ನೇ ಮಾಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ನೀರು ನಲ್ಲಿಗೆ ಬಂದಿದ್ದರೂ ಅದು ಕುಡಿಯುವುದಕ್ಕಷ್ಟೇ. ಅದರಲ್ಲಿನ ಕ್ಲೋರಿನ್ ಲೋಹಕ್ಕೆ ಒಳ್ಳೆಯದಲ್ಲ. ಗ್ಯಾರೇಜ್‌ನಲ್ಲಿ ‘ಸಾರ್, ಸ್ವಲ್ಪ ಕಮ್ಮಿ ಇತ್ತು, ಟಾಪ್ ಅಪ್ ಮಾಡಿದೀನಿ’ ಎಂದರೆ ‘ಯಾವುದರಿಂದ?’ ಎಂದು ಕೇಳಲು ಸಂಕೋಚ ಬೇಡ. ಬೋರ್ ನೀರು ಎಂದರೆ ಎರಡು ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು. ದಾರಿಯಲ್ಲಿ ಬೇರೆ ಉಪಾಯವಿಲ್ಲದೆ ಬಂಕ್‌ನ ನೀರು ಹಾಕಿದ್ದರೂ ಸರಿ, ಆದಷ್ಟು ಬೇಗ ಇಳಿಸಿ ತೊಳೆಸಿ.

ತಿಂಗಳಿಗೊಮ್ಮೆ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಎಂಜಿನ್ ತಣ್ಣಗಿರುವಾಗ ಬಿಳಿ ಪ್ಲಾಸ್ಟಿಕ್ ಬಾಟಲಿಯ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಮಟ್ಟ ಇದೆಯೇ ನೋಡಿ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಬರೀ ತುಂಬಿಸುತ್ತಾ ಹೋಗಬೇಡಿ. ಕೆಂಪು ಮಣ್ಣಿನ ನೀರಿನಂತಾಗಿದ್ದರೆ ತುಕ್ಕು. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ, ಅಥವಾ ಆಯಿಲ್ ಮುಚ್ಚಳದ ಕೆಳಗೆ ಕಾಫಿ ಬಣ್ಣದ ನೊರೆ ಕಟ್ಟಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ. ಕಾರಿನೊಳಗೆ ಸಿಹಿ ವಾಸನೆ ಬಂದು, ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಒದ್ದೆಯಾಗಿದ್ದರೆ ಹೀಟರ್ ಕಡೆಯ ಸೋರಿಕೆ.

ಮನೆಯಲ್ಲೇ ಬದಲಿಸುವ ಧೈರ್ಯವಿದ್ದರೆ ಮೊದಲ ಮತ್ತು ಕೊನೆಯ ನಿಯಮ: ಬಿಸಿ ಇರುವಾಗ ಮುಚ್ಚಳ ಮುಟ್ಟಬಾರದು. ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ರಾತ್ರಿಯೆಲ್ಲಾ ನಿಂತ ಗಾಡಿ ಉತ್ತಮ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹೀಟರ್ ನಾಬ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ತಳದ ಡ್ರೈನ್ ಸ್ಕ್ರೂ ಅಡಿಗೆ ಅಗಲ ಟಬ್ ಇಟ್ಟು ಇಳಿಸಿ. ಸ್ಕ್ರೂ ಇಲ್ಲದಿದ್ದರೆ ಕೆಳಗಿನ ಹೋಸ್‌ನ ಕ್ಲ್ಯಾಂಪ್ ಸಡಿಲಿಸಬೇಕು. ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆರಿಸಿ, ತಣಿದ ಮೇಲೆ ಮತ್ತೆ ಇಳಿಸಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ.

ತುಂಬುವಾಗ ಹೆಚ್ಚಿನವರು ಎಡವುವುದು ಒಂದು ವಿಷಯದಲ್ಲಿ. ಎಷ್ಟೇ ಇಳಿಸಿದರೂ ಎಂಜಿನ್ ಬ್ಲಾಕ್ ಮತ್ತು ಹೀಟರ್ ಕೊಳವೆಗಳಲ್ಲಿ ಒಂದಷ್ಟು ತೊಳೆದ ನೀರು ಉಳಿದೇ ಉಳಿಯುತ್ತದೆ. ಅದರ ಮೇಲೆ ‘ರೆಡಿ ಟು ಯೂಸ್’ ಕ್ಯಾನ್ ಸುರಿದರೆ ಮಿಶ್ರಣ ತೆಳುವಾಗುತ್ತದೆ. ಅದಕ್ಕೆ ಕಾನ್ಸಂಟ್ರೇಟ್ ಕೊಳ್ಳಿ. ಮ್ಯಾನ್ಯುಯಲ್‌ನಲ್ಲಿ ಒಟ್ಟು ಅಳತೆ 5 ಲೀಟರ್ ಎಂದಿದ್ದರೆ ಮೊದಲು ಎರಡೂವರೆ ಲೀಟರ್ ಕಾನ್ಸಂಟ್ರೇಟ್ ಹಾಕಿ, ಮಿಕ್ಕಿದ್ದನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿ. ಸಮಪಾಲು ತಾನಾಗಿ ಸಿಗುತ್ತದೆ. ತೊಳೆಯದೆ ಇಳಿಸಿ ತುಂಬುವುದಾದರೆ, ಹಳೆಯದೂ ಅದೇ ಬಗೆಯದಾಗಿದ್ದರೆ ಮಾತ್ರ, ರೆಡಿ ಕ್ಯಾನ್ ಸಾಕು.

ಗಾಳಿ ಗುಳ್ಳೆ ಒಳಗೆ ಉಳಿದರೆ ಹೊಸ ಕೂಲೆಂಟ್ ಇದ್ದೂ ಎಂಜಿನ್ ಕಾಯುತ್ತದೆ. ನಿಧಾನ ಸುರಿಯಿರಿ, ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದೆ ದ್ರವ ಬರುವವರೆಗೆ ತೆರೆದಿಡಿ, ಮೇಲಿನ ಹೋಸ್ ಕೈಯಿಂದ ಹಿಸುಕಿ. ಮುಚ್ಚಳ ಬಿಗಿ ಮಾಡಿ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಓಡಿಸಿ. ತಣಿದ ಮೇಲೆ ಮಟ್ಟ ಇಳಿದಿದ್ದರೆ ತುಂಬಿ. ಒಂದು ವಾರ ದಿನಾ ಬೆಳಿಗ್ಗೆ ನೋಡುತ್ತಿರಿ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಕೂಲೆಂಟ್‌ಗೆ ಮಾತ್ರ ಕೈ ಹಾಕಬೇಡಿ, ಅದು ಸರ್ವಿಸ್ ಸೆಂಟರ್‌ನವರ ಕೆಲಸ.

ಟಬ್‌ನಲ್ಲಿ ಉಳಿದ ಹಳೆಯದು ಸಿಹಿಯಾದ ವಿಷ. ಸ್ವಲ್ಪವೇ ನೆಕ್ಕಿದರೂ ಬೀದಿನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಡುತ್ತದೆ. ಮೋರಿಗೆ ಚೆಲ್ಲಿದರೆ ರಾಜಕಾಲುವೆ ಹಿಡಿದು ಹೆಬ್ಬಾಳ, ಯಲಹಂಕದ ಕೆರೆಗಳಿಗೆ ಹೋಗುತ್ತದೆ. ಹೊಸ ಕೂಲೆಂಟ್ ಬಂದ ಕ್ಯಾನಿಗೇ ಅದನ್ನು ತುಂಬಿ, ಮುಚ್ಚಳ ಬಿಗಿಮಾಡಿ, ಮೇಲೆ ‘ವಿಷ’ ಎಂದು ಬರೆದು, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರ್‌ನವರು ಇದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಕೊಟ್ಟುಬನ್ನಿ. ಟಬ್ ಚೆನ್ನಾಗಿ ತೊಳೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.