ಕೊಳಲಿಗೊಂದು ಜಾಗ

ಶನಿವಾರ ಸಂಜೆ ಆರೂವರೆಗೆ ನಂಜನಗೂಡಿನ ನಮ್ಮ ಬೀದಿಯ ಕೊನೆಯ ಆಂಜನೇಯನ ಗುಡಿಯಲ್ಲಿ ಕೊಳಲು ನುಡಿಸಲು ಕೂರುತ್ತೇನೆ. ಜಮಖಾನ ಗುಡಿಯದು, ಶ್ರುತಿ ಫೋನಿನದು. ಮೃದಂಗಕ್ಕೆ ಬಸ್ ಡಿಪೋದಲ್ಲಿ ಕೆಲಸ ಮಾಡುವ ಗೆಳೆಯ ಬರುತ್ತಾನೆ. ಅವನಿಗೆ ರಾತ್ರಿ ಪಾಳಿ ಬಿದ್ದ ವಾರ ನಾನೊಬ್ಬನೇ. ಎದುರಿಗೆ ಹತ್ತು ಜನ ಇದ್ದರೆ ಹೆಚ್ಚು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಕೊಳಲು ಹಿಡಿದದ್ದು ಮೂವತ್ತಮೂರನೇ ವಯಸ್ಸಿನಲ್ಲಿ. ಸಂಗೀತ ನನಗೆ ಉದ್ಯೋಗವಲ್ಲ, ಆಗುವುದೂ ಇಲ್ಲ. ಆದರೂ ಕಲಿತದ್ದನ್ನು ನಾಲ್ಕು ಜನರ ಮುಂದೆ ನುಡಿಸದಿದ್ದರೆ ಕಲಿತಂತೆ ಆಗುವುದಿಲ್ಲ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಎಲ್ಲಿ ನುಡಿಸಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅದನ್ನು ಹನ್ನೊಂದು ವರ್ಷ ಅಲೆದು ಕಂಡುಕೊಂಡೆ.

ಮೊದಲು ಸಿಕ್ಕಿದ್ದು ಗಣೇಶನ ಪೆಂಡಾಲು. ನಮ್ಮ ಕಡೆ ಹವ್ಯಾಸಿಗಳಿಗೆ ಬಾಗಿಲು ತೆರೆಯುವುದು ಅಲ್ಲೇ. ರಾತ್ರಿ ಎಂಟಕ್ಕೆ ಆರ್ಕೆಸ್ಟ್ರಾ, ಅದಕ್ಕೆ ಮುಂಚೆ ಒಂದು ಗಂಟೆ ನನ್ನದು. ನಾನು ಮನೆಯಲ್ಲಿ ಅಭ್ಯಾಸ ಮಾಡಿದಂತೆಯೇ ಕಲ್ಯಾಣಿ ಆಲಾಪನೆ ಶುರುಮಾಡಿದೆ. ಬಲಗಡೆ ಒಂದು ದೊಡ್ಡ ಸ್ಟ್ಯಾಂಡ್ ಫ್ಯಾನು ತಿರುಗುತ್ತಿತ್ತು. ಅದು ನನ್ನ ಕಡೆ ಮುಖ ಮಾಡಿದಾಗಲೆಲ್ಲ ನಾದ ಸತ್ತುಹೋಗುತ್ತಿತ್ತು, ಆಚೆ ತಿರುಗಿದಾಗ ಮತ್ತೆ ಬರುತ್ತಿತ್ತು. ಕೊಳಲಿನಲ್ಲಿ ನಾದ ಹುಟ್ಟುವುದೇ ತುಟಿಯಿಂದ ಹೊರಟ ತೆಳುವಾದ ಗಾಳಿಯ ಎಳೆ ಊದುವ ರಂಧ್ರದ ಅಂಚನ್ನು ಸೀಳುವುದರಿಂದ. ಅಡ್ಡಗಾಳಿ ಬೀಸಿದರೆ ಆ ಎಳೆ ಅತ್ತಿತ್ತ ಸರಿಯುತ್ತದೆ. ಮಕ್ಕಳಿಗೆ ಪಾಠದಲ್ಲಿ ಇದನ್ನೇ ಹೇಳುವ ನನಗೆ ಅವತ್ತು ಫ್ಯಾನು ನಿಲ್ಲಿಸಿ ಎಂದು ಕೇಳಲು ತೋಚಲಿಲ್ಲ. ಮೈಕನ್ನು ನೇರವಾಗಿ ತುಟಿಯ ಮುಂದೆ ಇಟ್ಟಿದ್ದರು. ಸ್ವರಕ್ಕಿಂತ ಜೋರಾಗಿ ಉಸಿರಿನ ಸದ್ದು ಪೆಂಡಾಲಿನ ತುಂಬ ಹರಡಿತು. ಇಪ್ಪತ್ತು ನಿಮಿಷ ಆಲಾಪನೆ ಮುಗಿಸಿ ಕಣ್ಣು ತೆರೆದಾಗ ಮುಂದಿನ ಸಾಲು ಖಾಲಿಯಾಗಿತ್ತು. ಹಿಂದಿನ ಕುರ್ಚಿಗಳಲ್ಲಿ ಮಕ್ಕಳು ಆರ್ಕೆಸ್ಟ್ರಾಗೆ ಜಾಗ ಹಿಡಿದು ಕೂತಿದ್ದವು.

ತಪ್ಪು ಆ ಜನರದಲ್ಲ. ಹಬ್ಬಕ್ಕೆ ಬಂದವರ ಮುಂದೆ ನಾನು ಕಛೇರಿಗೆ ಬಂದವರಿಗೆಂಬಂತೆ ನುಡಿಸಿದ್ದೆ. ಮರುವರ್ಷ ಅದೇ ಪೆಂಡಾಲಿಗೆ ಹೋಗಿ ಮೂವತ್ತೈದು ನಿಮಿಷಕ್ಕೆ ಮುಗಿಸಿದೆ. ಪುಟ್ಟ ಹಂಸಧ್ವನಿ ಆದ ಮೇಲೆ ಎಲ್ಲರಿಗೂ ಬರುವ ದೇವರನಾಮಗಳು, ಪಲ್ಲವಿಯನ್ನು ಎರಡೆರಡು ಸಲ. ಮೈಕನ್ನು ಬಾಯಿಂದ ಒಂದು ಗೇಣು ಮೇಲೆ, ಬೆರಳಿನ ರಂಧ್ರಗಳ ಕಡೆಗೆ ವಾಲಿಸಿ ಇಡಿಸಿದೆ. ಹೆಂಗಸರು ಮೆಲ್ಲಗೆ ಜೊತೆಗೆ ಹಾಡಿದರು. ಪೆಂಡಾಲಿನಲ್ಲಿ ನುಡಿಸಬೇಕೆಂದಿರುವವರು ಸಂಜೆಯ ಮೊದಲ ಹೊತ್ತನ್ನೇ ಕೇಳಿ ಪಡೆಯಿರಿ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಕಾರ್ಯಕ್ರಮ ತಡವಾದಾಗ ಮೊದಲು ಕತ್ತರಿ ಬೀಳುವುದು ಹವ್ಯಾಸಿಯ ಸಮಯಕ್ಕೆ.

ಮದುವೆ ಮನೆಗಳಲ್ಲಿ ಎರಡು ಸಲ ನುಡಿಸಿದೆ. ಮೂರನೆಯ ಸಲ ಹೋಗಲಿಲ್ಲ. ಕೊಳಲು ಆ ಗದ್ದಲದ ವಾದ್ಯವಲ್ಲ, ಅಲ್ಲಿಗೆ ಹೇಳಿ ಮಾಡಿಸಿದ್ದು ನಾದಸ್ವರ.

ಇನ್ನೊಂದು ಅನುಭವವನ್ನು ಮುಚ್ಚಿಡದೆ ಹೇಳಬೇಕು. ಒಂದು ಸಂಗೀತ ಸಭೆಯವರು ಅವಕಾಶ ಕೊಡುತ್ತೇವೆಂದು ಕರೆಸಿಕೊಂಡರು. ಮಾತಿನ ಕೊನೆಗೆ ದೇಣಿಗೆಯ ರಸೀದಿ ಪುಸ್ತಕ ಹೊರಬಂತು. ಪಕ್ಕವಾದ್ಯದವರ ಸಂಭಾವನೆಯೂ ನನ್ನದೇ, ಸಭಾಂಗಣದ ಖರ್ಚಿನಲ್ಲಿ ಪಾಲೂ ನನ್ನದೇ. ನಾನು ಕೊಟ್ಟೆ. ಭವ್ಯವಾದ ವೇದಿಕೆ, ಒಳ್ಳೆಯ ಬೆಳಕು, ಮುನ್ನೂರು ಕುರ್ಚಿಗಳಲ್ಲಿ ನನ್ನ ಮನೆಯವರೂ ಸೇರಿ ಇಪ್ಪತ್ತೆರಡು ಜನ. ನುಡಿಸುವಾಗ ಮನಸ್ಸಿನಲ್ಲಿ ಲೆಕ್ಕವೇ ಓಡುತ್ತಿತ್ತು. ಹಣ ಕೊಟ್ಟು ಏರಿದ ವೇದಿಕೆ ನನಗೆ ಏನನ್ನೂ ಕಲಿಸಲಿಲ್ಲ. ಹವ್ಯಾಸಿ ಸಂಭಾವನೆ ತೆಗೆದುಕೊಳ್ಳದೆ ನುಡಿಸಬಹುದು, ಅದು ಅವನ ಸಂತೋಷ. ನುಡಿಸುವುದಕ್ಕೆ ಹಣ ಕೊಡಬಾರದು.

ಆಂಜನೇಯನ ಗುಡಿ ಸಿಕ್ಕಿದ್ದು ಕರೆಂಟ್ ಹೋದದ್ದರಿಂದ. ಹನುಮ ಜಯಂತಿಗೆ ಭಜನೆಯವರ ಜೊತೆ ಕೊಳಲು ಹಿಡಿದು ಕೂತಿದ್ದೆ. ಇದ್ದಕ್ಕಿದ್ದಂತೆ ದೀಪ, ಮೈಕು, ಹಾರ್ಮೋನಿಯಂ ಪಕ್ಕದ ಎಲೆಕ್ಟ್ರಾನಿಕ್ ಶ್ರುತಿ ಎಲ್ಲ ಒಟ್ಟಿಗೆ ನಿಂತವು. ಅರ್ಚಕರು ಕತ್ತಲಲ್ಲೇ, "ಮೇಷ್ಟ್ರೇ, ಕರೆಂಟ್ ಬರೋವರ್ಗೂ ಏನಾದ್ರೂ ನುಡಿಸ್ತಾ ಇರಿ" ಅಂದರು. ಗರ್ಭಗುಡಿಯ ಎಣ್ಣೆದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಮೋಹನದ ಷಡ್ಜವನ್ನು ಉದ್ದಕ್ಕೆ ಹಿಡಿದೆ. ನಾನು ಉಸಿರು ನಿಲ್ಲಿಸಿದ ಮೇಲೂ ಅದು ಕಂಬಗಳ ನಡುವೆ ಒಂದು ಕ್ಷಣ ಉಳಿಯಿತು. ಅಷ್ಟು ವರ್ಷ ನಾನು ಕೇಳಿದ್ದು ಸ್ಪೀಕರಿನಿಂದ ಬಂದ ನನ್ನ ಕೊಳಲು. ಕೊಳಲನ್ನೇ ಕೇಳಿದ್ದು ಅವತ್ತು.

ಕಲ್ಲಿನ ಮಂಟಪಕ್ಕೆ ಅದರದೇ ನಿಯಮಗಳಿವೆ. ಕಲ್ಲು ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಕಳಿಸುತ್ತದೆ. ಚೌಕಕಾಲದ ಕೃತಿ ಅಲ್ಲಿ ತುಂಬಿಕೊಳ್ಳುತ್ತದೆ. ದುರಿತದಲ್ಲಿ ಕಲ್ಪನಾಸ್ವರ ಹಾಕಲು ಹೋದರೆ ಹಿಂದಿನ ಸ್ವರ ಅಳಿಯುವ ಮೊದಲೇ ಮುಂದಿನದು ಅದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಆದರೆ ಗುಡಿ ತುಂಬಿದ ದಿನ ಇದೇ ಮಂಟಪ ಬೇರೆಯಾಗಿ ಕೇಳುತ್ತದೆ. ಜನರ ಮೈ, ಬಟ್ಟೆ, ಕೆಳಗಿನ ಜಮಖಾನ ಸದ್ದನ್ನು ಹೀರುವುದರಿಂದ ಆಗ ಮಧ್ಯಮಕಾಲವೂ ಬಿಡಿಬಿಡಿಯಾಗಿ ಕೇಳುತ್ತದೆ. ನಾನೀಗ ಮನೆಯಿಂದ ಪಟ್ಟಿ ಬರೆದುಕೊಂಡು ಹೋಗುವುದಿಲ್ಲ. ಕೂತ ಮೇಲೆ ಒಂದು ಸ್ವರ ಹಿಡಿದು, ಮಂಟಪ ಏನು ಹೇಳುತ್ತದೆ ಎಂದು ಕೇಳಿಸಿಕೊಂಡು ರಾಗ ಆರಿಸುತ್ತೇನೆ. ಕೂರುವ ಜಾಗವೂ ಮುಖ್ಯ. ಬೆನ್ನ ಹಿಂದೆ ಗೋಡೆ ಇರಬೇಕು, ತೆರೆದ ಬದಿ ಎದುರಿಗಿರಬೇಕು.

ಶ್ರುತಿಯ ಪಾಠವನ್ನೂ ಆ ಗುಡಿಯೇ ಕಲಿಸಿತು. ಧನುರ್ಮಾಸದಲ್ಲಿ ಬೆಳಗಿನ ಜಾವ ಐದಕ್ಕೆ ನುಡಿಸಲು ಕರೆಯುತ್ತಾರೆ. ಬಿದಿರಿನೊಳಗಿನ ಗಾಳಿ ತಣ್ಣಗಿದ್ದಾಗ ಸ್ವರ ಇಳಿಯುತ್ತದೆ, ಬೆಚ್ಚಗಾದಂತೆ ಏರುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹದಿನೈದು ಡಿಗ್ರಿ ವ್ಯತ್ಯಾಸವಾದರೆ ಅರ್ಧ ಮನೆಯ, ಅಂದರೆ ಒಂದು ಸ್ವರಸ್ಥಾನದ, ಹೆಚ್ಚುಕಡಿಮೆ ಅರ್ಧದಷ್ಟು ಶ್ರುತಿ ಸರಿದುಬಿಡುತ್ತದೆ. ಮೊದಲ ವರ್ಷ ಮೃದಂಗವನ್ನು ತಣ್ಣನೆಯ ಕೊಳಲಿಗೆ ಸೇರಿಸಿಕೊಂಡು ಶುರುಮಾಡಿದೆವು. ಮೂರನೇ ಕೀರ್ತನೆಯ ಹೊತ್ತಿಗೆ ನಾನು ಮೇಲೆ, ಅವನು ಕೆಳಗೆ. ಈಗ ಕೊಳಲನ್ನು ಶಾಲಿನೊಳಗೆ ಸುತ್ತಿ ಒಯ್ಯುತ್ತೇನೆ. ಐದು ನಿಮಿಷ ಸದ್ದಿಲ್ಲದೆ ಒಳಗೆ ಉಸಿರು ಬಿಟ್ಟು ಬೆಚ್ಚಗೆ ಮಾಡುತ್ತೇನೆ. ಆಮೇಲೆ ಫೋನಿನ ತಂಬೂರಿಯನ್ನು ಕೊಳಲಿಗೆ ಹೊಂದಿಸುತ್ತೇನೆ. ಮೃದಂಗದ ಗೆಳೆಯ ಕೊನೆಗೆ ಶ್ರುತಿ ಸೇರಿಸಲು ಕಲ್ಲು ಹಿಡಿಯುತ್ತಾನೆ.

ಬೆಂಗಳೂರಿನ ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಗೆಳೆಯರ ಗುಂಪಿನೊಂದಿಗೆ ನುಡಿಸುವ ಅವಕಾಶ ಬಂದಿತ್ತು. ಎಂಟು ಮೂಲೆಯ ಎರಕದ ಕಬ್ಬಿಣದ ಆ ಮಂಟಪ ಬ್ಯಾಂಡಿನವರಿಗಾಗಿ ಕಟ್ಟಿದ್ದು. ಹಿತ್ತಾಳೆಯ ವಾದ್ಯಗಳು ಅಲ್ಲಿಂದ ಹುಲ್ಲುಹಾಸಿನ ತುಂಬ ಕೇಳಿಸುತ್ತವೆ. ಕೊಳಲು ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಗಾಳಿಗೆ ಹೋಗುತ್ತದೆ. ಸುತ್ತ ಗೋಡೆಯಿಲ್ಲದ್ದರಿಂದ ನಾವು ಒಬ್ಬರಿಗೊಬ್ಬರು ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಆ ಬೆಳಗನ್ನು ಮರೆಯಲಾರೆ. ವಾಕಿಂಗ್ ಬಂದವರು ಒಂದು ಚರಣ ಕೇಳಿ ಮುಂದೆ ಹೋಗಿ, ಇನ್ನೊಂದು ಸುತ್ತಿಗೆ ಮತ್ತೆ ಬಂದು ನಿಲ್ಲುತ್ತಿದ್ದರು. ಪಾರ್ಕು ತೋಟಗಾರಿಕೆ ಇಲಾಖೆಯದು, ಅನುಮತಿ ಪಡೆದೇ ಹೋಗಿ. ತಂತಿವಾದ್ಯ, ಕೊಳಲು ಇದ್ದರೆ ವೃತ್ತಾಕಾರವಾಗಿ ಹತ್ತಿರ ಹತ್ತಿರ ಕೂತುಕೊಳ್ಳಿ.

ವೃದ್ಧಾಶ್ರಮಕ್ಕೆ ಹೋಗುವವರಿಗೆ ಒಂದು ಮಾತು. ಮೊದಲ ಸಲ ಐದು ಮನೆಯ ಸಣ್ಣ ಕೊಳಲು ಒಯ್ದಿದ್ದೆ. ಶ್ರವಣ ಸಾಧನ ಹಾಕಿಕೊಂಡಿದ್ದ ಅಜ್ಜ ನಾನು ತಾರಸ್ಥಾಯಿಗೆ ಹೋದಾಗಲೆಲ್ಲ ಕಿವಿಗೆ ಕೈ ಹಾಕುತ್ತಿದ್ದರು. ನನಗದು ಮೆಚ್ಚುಗೆ ಅನ್ನಿಸಿತ್ತು. ಮುಗಿದ ಮೇಲೆ ಅವರೇ ಹತ್ತಿರ ಕರೆದು, "ಮೇಲೆ ಹೋದ್ರೆ ಕಿವಿಗೆ ಚುಚ್ಚುತ್ತಪ್ಪಾ" ಅಂದರು. ಈಗ ಅಲ್ಲಿಗೆ ಎರಡೂವರೆ ಮನೆಯ ದೊಡ್ಡ ಕೊಳಲು ಒಯ್ದು ಮಂದ್ರ, ಮಧ್ಯದಲ್ಲೇ ಇರುತ್ತೇನೆ. ನಲವತ್ತು ನಿಮಿಷದಲ್ಲಿ ಅರ್ಧ ನುಡಿಸುವುದು, ಅರ್ಧ ಅವರು ಹಾಡುವುದಕ್ಕೆ ಶ್ರುತಿ ಹಿಡಿಯುವುದು. ಮಗಳ ಹೆಸರನ್ನೇ ಮರೆತ ಅಜ್ಜಿಯೊಬ್ಬರು ಒಂದು ದೇವರನಾಮದ ಮೂರೂ ಚರಣಗಳನ್ನು ತಪ್ಪಿಲ್ಲದೆ ಹಾಡಿದ್ದನ್ನು ಆ ಕೋಣೆಯಲ್ಲಿ ನಾನೇ ಕೇಳಿದ್ದೇನೆ.

ಈಗಷ್ಟೇ ಕಲಿಯುತ್ತಿರುವವರು ಎಲ್ಲಿ ಶುರುಮಾಡಬೇಕೆಂದು ಕೇಳಿದರೆ ಗೋಷ್ಠಿ ಗಾಯನ ಎನ್ನುತ್ತೇನೆ. ಪುಷ್ಯ ಬಹುಳ ಪಂಚಮಿಯಂದು ತ್ಯಾಗರಾಜರ ಆರಾಧನೆ, ಅದೇ ಪುಷ್ಯದ ಅಮಾವಾಸ್ಯೆಯಂದು ಪುರಂದರದಾಸರದು. ನಮ್ಮ ಎಷ್ಟೋ ಊರುಗಳಲ್ಲಿ ಒಂದು ದಿನ ಪಂಚರತ್ನ, ಇನ್ನೊಂದು ದಿನ ದಾಸರ ನವರತ್ನ ಮಾಲಿಕೆಯನ್ನು ಸಾಮೂಹಿಕವಾಗಿ ಹಾಡುತ್ತಾರೆ. ಹೋಗಿ ಕೂತರೆ ಸಾಕು, ಯಾರೂ ಪರೀಕ್ಷೆ ಮಾಡುವುದಿಲ್ಲ. ಅಲ್ಲಿ ನನ್ನ ತಪ್ಪು ನನಗೆ ಮಾತ್ರ ಕೇಳುತ್ತದೆ, ಸರಿಯಾದದ್ದು ಸುತ್ತಲಿಂದಲೂ ಬರುತ್ತದೆ. ವರಾಳಿ ರಾಗವನ್ನು ಗುರು ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಡಬಾರದೆಂಬ ನಂಬಿಕೆ ಸಂಗೀತಗಾರರಲ್ಲಿದೆ. ನಮ್ಮ ಗುರುಗಳೂ ಅದನ್ನು ಪಾಲಿಸುತ್ತಿದ್ದರು. ಪಂಚರತ್ನದ ನಾಟ, ಗೌಳ, ಆರಭಿ, ಶ್ರೀ ರಾಗದ ಕೃತಿಗಳನ್ನು ಅವರು ಹೇಳಿಕೊಟ್ಟರು. ವರಾಳಿಯದನ್ನು ನಾನು ಕಲಿತದ್ದು ಗೋಷ್ಠಿಗಳಲ್ಲಿ, ವರ್ಷಕ್ಕೆ ಒಂದೊಂದು ಚರಣದಂತೆ, ಪಕ್ಕದವರ ಬಾಯಿ ನೋಡಿ.

ಒಂದು ಜನವರಿ ರಜೆ ಹಾಕಿ ತ್ಯಾಗರಾಜರ ತಿರುವೈಯಾರಿಗೇ ಹೋದೆ. ಮೈಸೂರಿನಲ್ಲಿ ಸಂಜೆ ರೈಲು ಹತ್ತಿ ತಂಜಾವೂರಿನಲ್ಲಿ ಇಳಿದು ಬಸ್ಸು ಹಿಡಿದೆ. ನಮ್ಮೂರ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ತ್ಯಾಗರಾಜರ ಸಮಾಧಿ ಇರುವುದು ಅದೇ ಕಾವೇರಿಯ ದಡದಲ್ಲಿ. ಆ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ 1878ರಲ್ಲಿ ಹುಟ್ಟಿದ್ದೂ ನಮ್ಮ ನಂಜನಗೂಡಿನಲ್ಲೇ. ಒಂದು ಕಾಲದಲ್ಲಿ ಆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ ಅದರ ವಿರುದ್ಧ ನಿಂತು, ಹೆಂಗಸರನ್ನು ಸೇರಿಸಿಕೊಂಡು ಬೇರೆಯಾಗಿಯೇ ಆರಾಧನೆ ನಡೆಸಿ, ಕೊನೆಗೆ ಗೋಷ್ಠಿಯಲ್ಲಿ ಅವರಿಗೆ ಜಾಗ ಮಾಡಿಸಿದರು. ತಮ್ಮ ಆಸ್ತಿಯನ್ನೂ ಅದಕ್ಕೇ ಕೊಟ್ಟರು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರಿಗೆ ಎದುರಾಗಿದೆ. ನಾನು ಮೊದಲು ಅವರಿಗೆ ನಮಸ್ಕಾರ ಮಾಡಿದೆ.

ಪಂಚರತ್ನಕ್ಕೆ ಮುಂಚೆ ಕೊಳಲಿನವರೆಲ್ಲ ಸೇರಿ 'ಚೇತುಲಾರ' ನುಡಿಸುವುದು ಅಲ್ಲಿನ ರೂಢಿ. ನಾನು ಒಯ್ದಿದ್ದ ಕೊಳಲು ಅಲ್ಲಿಯ ಶ್ರುತಿಗೆ ಕೂಡಲಿಲ್ಲ. ತೊಡೆಯ ಮೇಲಿಟ್ಟು ಸುಮ್ಮನೆ ಕೂತೆ. ಪಂಚರತ್ನ ಶುರುವಾದಾಗ ಕನ್ನಡ ಲಿಪಿಯ ನನ್ನ ಪುಸ್ತಕ ತೆರೆದು ಹಾಡಿದೆ. ಪಕ್ಕದಲ್ಲಿದ್ದ ಹಿರಿಯರಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ನಾನು ಸಾಲು ತಪ್ಪಿದಾಗ ಅವರು ನನ್ನ ಮೊಣಕಾಲಿನ ಮೇಲೆ ತಾಳ ಹಾಕಿ ಎತ್ತುಗಡೆ ತೋರಿಸಿದರು. ಅಲ್ಲಿ ಹೆಸರಾಂತ ವಿದ್ವಾಂಸರು ಎಷ್ಟು ಜನ ಇದ್ದರೋ, ನನ್ನಂಥವರು ಅದರ ಹತ್ತರಷ್ಟು ಇದ್ದರು. ಎಲ್ಲರೂ ಕೂತದ್ದು ನೆಲದ ಮೇಲೆ, ಹಾಡಿದ್ದು ಒಂದೇ ಶ್ರುತಿಯಲ್ಲಿ.

ತಿರುವೈಯಾರಿಗೆ ಹೋಗಿ ಬಂದ ಮೇಲೂ ಶನಿವಾರದ ಗುಡಿಯನ್ನು ನಾನು ಬಿಟ್ಟಿಲ್ಲ. ಕಛೇರಿ ಕೇಳಲೆಂದೇ ಅಲ್ಲಿಗೆ ಯಾರೂ ಬರುವುದಿಲ್ಲ. ಮಂಗಳಾರತಿಗೆ ಬರುತ್ತಾರೆ, ಪ್ರಸಾದಕ್ಕೆ ಬರುತ್ತಾರೆ, ಸೊಸೆಯ ಮೇಲೆ ಬೇಸರ ಮಾಡಿಕೊಂಡು ಕಂಬಕ್ಕೆ ಒರಗಿ ಕೂರಲು ಬರುತ್ತಾರೆ. ಕೊಳಲು ಅವರ ಸಂಜೆಯ ಒಂದು ಭಾಗ ಅಷ್ಟೇ. ಎದ್ದು ಹೋದರೆ ನನಗೆ ನೋವಿಲ್ಲ, ಉಳಿದುಕೊಂಡರೆ ಅದು ರಾಗಕ್ಕಾಗಿಯೇ ಎಂದು ಗೊತ್ತು. ಒಂದೇ ಜಾಗದಲ್ಲಿ ವಾರವಾರ ನುಡಿಸಿದ್ದರಿಂದ ನನ್ನ ಕೈ ಎಷ್ಟು ಪಳಗಿತೋ, ಹತ್ತು ವೇದಿಕೆ ಏರಿದರೂ ಅಷ್ಟು ಪಳಗುತ್ತಿರಲಿಲ್ಲ. ಒಂದು ವಾರ ಜ್ವರ ಬಂದು ಹೋಗಲಿಲ್ಲ. ಮುಂದಿನ ಶನಿವಾರ ಹೂವು ಮಾರುವ ಅಮ್ಮ, "ಹೋದ್ವಾರ ಯಾಕ್ ಬರ್ಲಿಲ್ಲ ಮೇಷ್ಟ್ರೇ? ಆ ಕೊನೇದು ನುಡಿಸ್ತೀರಲ್ಲ, ಅದಕ್ಕೇ ಕಾದಿದ್ದೆ" ಅಂದರು. ಅವರು ಹೇಳಿದ್ದು ಮಧ್ಯಮಾವತಿಯನ್ನು.

ಗುಡಿಯ ಸಮಿತಿಯಲ್ಲಿ, ಬಡಾವಣೆಯ ಸಂಘದಲ್ಲಿ, ವಾಚನಾಲಯದ ಆಡಳಿತದಲ್ಲಿ ಇರುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲೂ ವೀಣೆ, ಪಿಟೀಲು, ಕೊಳಲು ಕಲಿತು ಮನೆಯೊಳಗೇ ನುಡಿಸಿಕೊಂಡಿರುವವರು ಇದ್ದಾರೆ. ಅವರಿಗೆ ವಾರಕ್ಕೆ ಒಂದು ಗಂಟೆ, ಒಂದು ಜಮಖಾನ, ಬೆನ್ನಿಗೊಂದು ಗೋಡೆ ಕೊಡಿ. ಮೈಕು ಬೇಡ. ನುಡಿಸುವಷ್ಟು ಹೊತ್ತು ಫ್ಯಾನು ಮಾತ್ರ ನಿಲ್ಲಿಸಿ.