ಹೃದಯ ಕವಾಟದ ಅಲ್ಪ ಸೋರಿಕೆ: ಭಯ ಬೇಡ, ಉದಾಸೀನವೂ ಸಲ್ಲದು

ಆರೋಗ್ಯ ತಪಾಸಣೆಗೆ ಹೋದ ವ್ಯಾಪಾರಸ್ಥರ ಎಕೋ ವರದಿಯಲ್ಲಿ ‘ಮೈಲ್ಡ್ ಎಂ.ಆರ್.’ ಎಂಬ ನಮೂದು ಕಂಡುಬರುವುದುಂಟು. ಅದನ್ನು ಓದಿದ ಕೆಲವರು ವ್ಯವಹಾರವನ್ನೇ ಮಕ್ಕಳಿಗೆ ಒಪ್ಪಿಸುವ ಯೋಚನೆಗಿಳಿಯುತ್ತಾರೆ. ಮತ್ತೆ ಕೆಲವರು ವರದಿಯನ್ನು ಕಡತಕ್ಕೆ ಸೇರಿಸಿ ಮರೆತುಬಿಡುತ್ತಾರೆ. ಇವೆರಡೂ ಸರಿಯಲ್ಲ.

ಹೃದಯದ 4 ಕವಾಟಗಳು ರಕ್ತವನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುತ್ತವೆ. ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸವೂ ಇದೇ. ಎಡಭಾಗದ ಮೇಲಿನ ಹಾಗೂ ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟವು ಪೂರ್ಣವಾಗಿ ಮುಚ್ಚಿಕೊಳ್ಳದಿದ್ದಲ್ಲಿ, ಪ್ರತಿ ಬಡಿತದಲ್ಲೂ ಸ್ವಲ್ಪ ರಕ್ತ ಹಿಂದಕ್ಕೆ ಸರಿಯುತ್ತದೆ. ಇದೇ ಎಂ.ಆರ್. ಸೋರಿಕೆ ಅಲ್ಪವಾಗಿದ್ದರೆ ಹೃದಯಕ್ಕೆ ಹೆಚ್ಚಿನ ಹೊರೆ ಬೀಳುವುದಿಲ್ಲ. ಶಸ್ತ್ರಚಿಕಿತ್ಸೆಯ ಅಗತ್ಯವೂ ಇರುವುದಿಲ್ಲ.

ಅಗತ್ಯವಿರುವುದು ಕ್ರಮಬದ್ಧವಾದ ಲೆಕ್ಕಪರಿಶೋಧನೆ. ಕವಾಟದ ದೋಷದಿಂದಲೇ ಉಂಟಾದ ಅಲ್ಪ ಸೋರಿಕೆಗೆ ಸಾಮಾನ್ಯವಾಗಿ 3ರಿಂದ 5 ವರ್ಷಗಳಿಗೊಮ್ಮೆ, ಮಧ್ಯಮ ಸೋರಿಕೆಗೆ 1ರಿಂದ 2 ವರ್ಷಗಳಿಗೊಮ್ಮೆ ಎಕೋ ಪರೀಕ್ಷೆ ಸಾಕು. ಹಳೆಯ ವರದಿಯೇ ಆರಂಭಿಕ ಶಿಲ್ಕು. ಅದಿಲ್ಲದೆ ಸೋರಿಕೆ ಬೆಳೆದಿದೆಯೇ ಎಂದು ತಿಳಿಯುವುದು ಕಷ್ಟ. ಆದ್ದರಿಂದ ಎಲ್ಲ ವರದಿಗಳನ್ನೂ ಕಾದಿರಿಸಬೇಕು.

ಗಮನಿಸಬೇಕಾದ ಅಂಶಗಳು:

1. ರಕ್ತದೊತ್ತಡ ಏರಿದಷ್ಟೂ ಹಿಂದಕ್ಕೆ ಸರಿಯುವ ರಕ್ತ ಹೆಚ್ಚುತ್ತದೆ. ಒತ್ತಡವನ್ನು ಹತೋಟಿಯಲ್ಲಿಡಬೇಕು, ದಿನದ ಉಪ್ಪು 5 ಗ್ರಾಂ ಮೀರಬಾರದು.

2. ವಾರಕ್ಕೆ 5 ದಿನ 30 ನಿಮಿಷಗಳ ಚುರುಕು ನಡಿಗೆ ಹಿತಕರ. ತಂಬಾಕು ಸಂಪೂರ್ಣ ವರ್ಜ್ಯ.

3. ವಸಡಿನ ಸೋಂಕು ರಕ್ತದ ಮೂಲಕ ಕವಾಟವನ್ನು ತಲುಪಬಲ್ಲದು, ದಂತಶುದ್ಧಿ ಮುಖ್ಯ. ಆದರೆ ಅಲ್ಪ ಸೋರಿಕೆಯೊಂದರ ಕಾರಣಕ್ಕೆ ಹಲ್ಲು ಕೀಳಿಸುವ ಮುನ್ನ ಆಂಟಿಬಯಾಟಿಕ್ ಸೇವಿಸುವ ರೂಢಿಯನ್ನು 2007ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘವು ಕೈಬಿಟ್ಟಿತು.

4. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟಿದ್ದಲ್ಲಿ, 3 ಅಥವಾ 4 ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೇಕಾಗಬಹುದು. ಅದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

5. ಆರೋಗ್ಯ ವಿಮೆಯ ಅರ್ಜಿಯಲ್ಲಿ ದೋಷವನ್ನು ಮರೆಮಾಚಿದರೆ ಪರಿಹಾರ ನಿರಾಕರಣೆಗೆ ದಾರಿಯಾದೀತು. ಘೋಷಿಸಿದ ಕಾಯಿಲೆಗೆ ಕಾಯುವ ಅವಧಿ, 2024ರ ನಿಯಮದಂತೆ, 3 ವರ್ಷಗಳನ್ನು ಮೀರುವಂತಿಲ್ಲ.

ಗೋದಾಮಿನ ಮೆಟ್ಟಿಲೇರುವಾಗ ಹೊಸದಾಗಿ ಏದುಸಿರು, ರಾತ್ರಿ ಉಸಿರುಕಟ್ಟಿ ಎಚ್ಚರವಾಗುವುದು, ಎದೆಬಡಿತದ ಏರುಪೇರು, ಪಾದಗಳ ಊತ ಕಂಡುಬಂದಲ್ಲಿ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಮಾರ್ಚ್ ತಿಂಗಳ ಲೆಕ್ಕ ಮುಗಿಯಲಿ ಎಂದು ಮುಂದೂಡುವುದೂ ತರವಲ್ಲ. ಸೋರಿಕೆ ತೀವ್ರವಾದರೂ ಸಕಾಲದಲ್ಲಿ ತಿಳಿದರೆ ಕವಾಟವನ್ನು ದುರಸ್ತಿ ಮಾಡಬಹುದು. ತಡವಾದಲ್ಲಿ ಹೃದಯದ ಸ್ನಾಯುವೇ ದುರ್ಬಲಗೊಂಡು, ಆ ನಷ್ಟವನ್ನು ಪೂರ್ಣವಾಗಿ ತುಂಬಿಕೊಳ್ಳಲಾಗದು.